ಡ್ರಾಯಿಂಗ್ ಟೀಚರ್‌ಗಾಗಿ ಮನೆಯೇ ಹೊರಟಿತು

ಗಂಡಸರ ದುಡಿಮೆಯ ಹಿಂದೆ ಮನೆ ಹೋಗುವುದು ನಮ್ಮ ಬ್ಯಾರಿ ಕುಟುಂಬಗಳಿಗೆ ಹೊಸತಲ್ಲ. ಮುಂಬೈಗೆ ಹೋದದ್ದುಂಟು, ವ್ಯಾಪಾರಕ್ಕೆಂದು ಚಿಕ್ಕಮಗಳೂರಿಗೆ ಹೋಗಿ ಅಲ್ಲಿಯೇ ಉಳಿದದ್ದುಂಟು, ಫ್ಯಾಮಿಲಿ ವೀಸಾ ಸಿಕ್ಕಿದ ಕೂಡಲೇ ಗಲ್ಫಿಗೆ ಹೊರಟದ್ದುಂಟು. ಆದರೆ ಸೊಸೆಯ ಕೆಲಸಕ್ಕಾಗಿ ಅತ್ತೆ, ಗಂಡ, ಮಕ್ಕಳು ಎಲ್ಲರೂ ಗಂಟು ಕಟ್ಟಿ ಹೊರಟ ಸುದ್ದಿ ನಾವು ಕೇಳಿದ್ದು ಕಮ್ಮಿ. ಅದೂ ಎಂತಹ ಕೆಲಸ? ಸರಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಕೇಳಿದವರು "ಡ್ರಾಯಿಂಗಾ?" ಎಂದು ಇನ್ನೊಮ್ಮೆ ಕೇಳುತ್ತಾರೆ.

ಉಳ್ಳಾಲದ ಕಡೆಯಿಂದ ವಿಟ್ಲದ ಆಚೆಗೆ ಮನೆ ಬದಲಿಸಿದ ಈ ಕುಟುಂಬವನ್ನು ಮಾತಾಡಿಸಲು ನಾವು ಹೋಗಿದ್ದೆವು. ಹೆಸರು, ಫೋಟೊ, ಶಾಲೆಯ ಹೆಸರು ಯಾವುದೂ ಬೇಡ ಎಂದು ಟೀಚರ್ ಮೊದಲೇ ಹೇಳಿದರು. "ನನ್ನ ಬಗ್ಗೆ ಬರೆಯುವುದು ಬೇಡ, ನನ್ನ ಪೀರಿಯಡ್ ಬಗ್ಗೆ ಬರೆಯಿರಿ" ಎಂದರು. ಆದರೆ ಆ ನಲವತ್ತು ನಿಮಿಷದ ಪೀರಿಯಡ್‌ಗೂ ಅವರ ಮನೆಗೂ ಸಂಬಂಧ ಉಂಟು. ಹಾಗಾಗಿ ಎರಡನ್ನೂ ಬರೆಯುತ್ತಿದ್ದೇವೆ.

ಮೂರು ಬಸ್ಸಿನ ಒಂದು ವರ್ಷ

ಹಳೆಯ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿದಾಗ ಟೀಚರ್ ಹೆಸರು 'ಹೆಚ್ಚುವರಿ' ಪಟ್ಟಿಗೆ ಬಂತು. ಸರಕಾರಿ ಶಾಲೆಗಳ ಕ್ರಮವೇ ಹಾಗೆ. ಮಕ್ಕಳು ಕಮ್ಮಿಯಾದರೆ ಶಿಕ್ಷಕರನ್ನು ಹುದ್ದೆ ಖಾಲಿ ಇರುವ ಕಡೆಗೆ ಕಳಿಸುತ್ತಾರೆ. ಕೌನ್ಸೆಲಿಂಗ್‌ನಲ್ಲಿ ಅವರ ಸರದಿ ಬರುವಾಗ ಹತ್ತಿರದ ಶಾಲೆಗಳು ಮುಗಿದಿದ್ದವು. ಸಿಕ್ಕಿದ್ದು ಬಂಟ್ವಾಳ ತಾಲೂಕಿನ ಒಳಗಿನ ಊರು.

ಮೊದಲ ವರ್ಷ ದಿನಾ ಹೋಗಿ ಬಂದರು. ತೊಕ್ಕೊಟ್ಟಿನಿಂದ ಪಂಪ್‌ವೆಲ್, ಅಲ್ಲಿಂದ ಬಿ.ಸಿ.ರೋಡ್, ಅಲ್ಲಿಂದ ಕಲ್ಲಡ್ಕದ ಮೇಲೆ ವಿಟ್ಲ. ವಿಟ್ಲದಿಂದ ಆಚೆಗೆ ರಿಕ್ಷಾ. ಬೆಳಗ್ಗೆ ಆರೂವರೆಗೆ ಮನೆ ಬಿಟ್ಟರೆ ರಾತ್ರಿ ಮಗ್ರಿಬ್ ಕಳೆದ ಮೇಲೆಯೇ ಮನೆಗೆ ಬರುವುದು. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ಆದರೆ ನಮ್ಮ ಜಿಲ್ಲೆಯಲ್ಲಿ ಓಡುವುದು ಹೆಚ್ಚಿನವೂ ಖಾಸಗಿ ಬಸ್ಸುಗಳು. ಶಾಲೆಯ ಬೆಲ್ ಸರಕಾರಿ ಬಸ್ಸಿಗಾಗಿ ಕಾಯುವುದಿಲ್ಲ. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಸಂಬಳದ ಒಂದು ಪಾಲು ಬಸ್ಸಿಗೂ ರಿಕ್ಷಾಕ್ಕೂ ಹೋಗುತ್ತಿತ್ತು.

ಹಣಕ್ಕಿಂತ ದೊಡ್ಡ ನಷ್ಟ ಬೇರೆ ಇತ್ತು. ನಾಲ್ಕನೇ ಕ್ಲಾಸಿನ ಮಗ ಉಮ್ಮನನ್ನು ನೋಡುವುದು ನಿದ್ದೆಗಣ್ಣಿನಲ್ಲಿ ಮಾತ್ರ. ಮಗಳು ಮದ್ರಸಕ್ಕೆ ಹೊರಡುವಾಗ ಉಮ್ಮ ಬಸ್ಸಿನಲ್ಲಿರುತ್ತಿದ್ದರು. ಅಡುಗೆ ಪೂರ್ತಿ ಅತ್ತೆಯ ತಲೆಗೆ ಬಂತು. ಬಂಧುಗಳಲ್ಲಿ ಕೆಲವರು "ಕೆಲಸ ಬಿಡಿಸಿ" ಎಂದರು. "ಲೆಕ್ಕದ ಟೀಚರ್ ಆಗಿದ್ದರೆ ಮಾತು ಬೇರೆ. ಚಿತ್ರ ಬಿಡಿಸಲಿಕ್ಕೆ ಅಷ್ಟು ದೂರ ಯಾಕೆ?" ಎಂದು ಮದುವೆ ಮನೆಯೊಂದರಲ್ಲಿ ಎದುರೇ ಕೇಳಿದವರೂ ಇದ್ದರು.

ಮೀನಿನ ರಜೆಯಲ್ಲಿ ಮನೆ ಸಾಗಾಟ

ಟೀಚರ್ ಗಂಡ ಮೀನಿನ ವ್ಯಾಪಾರದವರು. ಮಂಗಳೂರಿನ ದಕ್ಕೆಯಿಂದ ಪಿಕಪ್‌ನಲ್ಲಿ ಮೀನು ತುಂಬಿಸಿ ಒಳಗಿನ ಪೇಟೆಗಳಿಗೆ ಸಾಗಿಸುವುದು ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಲ್ಲ, ಆ ಎರಡು ತಿಂಗಳು ಅವರಿಗೂ ಹೆಚ್ಚುಕಮ್ಮಿ ರಜೆ. ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ಹಾಗೆ ಒಂದು ಜೂನ್‌ನಲ್ಲಿ, ಮಳೆಯ ಮಧ್ಯೆ, ಮೀನು ಸಾಗಿಸುವ ಅದೇ ಪಿಕಪ್ಪನ್ನು ತೊಳೆದು, ಟರ್ಪಾಲು ಕಟ್ಟಿ ಮನೆಯ ಸಾಮಾನು ಸಾಗಿಸಿದರು.

ನಿರ್ಧಾರ ಸುಲಭದ್ದಾಗಿತ್ತೇ ಎಂದು ನಾವು ಗಂಡನನ್ನೇ ಕೇಳಿದೆವು. "ಸುಲಭ ಎಂತದ್ದು? ನಾನೀಗ ರಾತ್ರಿ ಎರಡೂವರೆಗೆ ಏಳ್ಬೇಕು, ದಕ್ಕೆಗೆ ಮುಟ್ಟಲಿಕ್ಕೆ. ಮೊದಲು ನಾಲ್ಕಕ್ಕೆ ಎದ್ದರೆ ಸಾಕಿತ್ತು" ಎಂದರು. ಮತ್ತೆ ನಕ್ಕು, "ಮೀನು ಹೇಗೂ ವಿಟ್ಲಕ್ಕೆ ಬರ್ಬೇಕಲ್ವಾ? ಅದರೊಟ್ಟಿಗೆ ನಾನೂ ಬರ್ತೇನೆ ಅಷ್ಟೆ" ಎಂದರು. ಹೆಂಡತಿಯ ಕೆಲಸವನ್ನು ಮನೆಯ ಕೆಲಸ ಎಂದೇ ಅವರು ಲೆಕ್ಕ ಹಾಕಿದ್ದಾರೆ. ಸೀಸನ್ ಇಲ್ಲದ ಎರಡು ತಿಂಗಳಲ್ಲಿ ಮನೆಗೆ ಅಕ್ಕಿ ಬರುವುದು ಈ ಸಂಬಳದಿಂದಲೇ ಎಂಬುದನ್ನು ಹೇಳಲು ಅವರಿಗೆ ಸಂಕೋಚವೂ ಇಲ್ಲ.

ಕಷ್ಟವಾದದ್ದು ಅತ್ತೆಗೆ. ಉಳ್ಳಾಲ ಬಿಟ್ಟು ಒಂದು ವಾರ ಬೇರೆ ಕಡೆ ಉಳಿದವರಲ್ಲ. ಅಲ್ಲಿ ಕಿಟಕಿ ತೆರೆದರೆ ಬಂಧುಗಳ ಮನೆ, ಕಡಲ ಗಾಳಿ. ಇಲ್ಲಿ ಅಡಿಕೆ ತೋಟ, ಸಂಜೆ ಐದಕ್ಕೇ ಕತ್ತಲೆ ಬಂದ ಹಾಗೆ. ಮೊದಲ ಮೂರು ತಿಂಗಳಲ್ಲಿ ಎರಡು ಸಲ ಮಗನ ಪಿಕಪ್ ಹತ್ತಿ ವಾಪಸು ಹೋಗಿದ್ದರು. ಈಗಲೂ ತಿಂಗಳಲ್ಲಿ ಒಂದು ವಾರ ಅವರು ಉಳ್ಳಾಲದ ಮಗಳ ಮನೆಯಲ್ಲಿಯೇ. ಅದನ್ನು ಯಾರೂ ತಡೆಯುವುದಿಲ್ಲ.

ಅವರನ್ನು ಇಲ್ಲಿಗೆ ಸ್ವಲ್ಪವಾದರೂ ಕಟ್ಟಿ ಹಾಕಿದ್ದು ಬೀಡಿ ಎಲೆ. ಪಕ್ಕದ ಮನೆಯ ಹೆಂಗಸರು ಮಧ್ಯಾಹ್ನ ಬೀಡಿ ಕಟ್ಟಲು ಜಗಲಿಯಲ್ಲಿ ಕೂತದ್ದನ್ನು ನೋಡಿ ಇವರೂ ಹೋಗಿ ಕೂತರು. ಸಣ್ಣ ಪ್ರಾಯದಲ್ಲಿ ಸಾವಿರ ಬೀಡಿ ಕಟ್ಟಿದ ಕೈ. ತಗಡಿನ ಅಳತೆ ಇಟ್ಟು ಎಲೆ ಕತ್ತರಿಸುವ ಅವರ ವೇಗ ನೋಡಿ ಸೊಸೆಗೆ ಒಂದು ಉಪಾಯ ಹೊಳೆಯಿತು. ಹಳೆಯ ಎಕ್ಸ್‌ರೇ ಶೀಟು ಕೊಟ್ಟು, "ಮಾಮಿ, ಇದನ್ನೊಂದು ಹೂವಿನ ಹಾಗೆ ಕತ್ತರಿಸಿ ಕೊಡುವಿರಾ?" ಎಂದು ಕೇಳಿದರು. ಶಾಲೆಯಲ್ಲಿ ಮಕ್ಕಳು ಬಣ್ಣ ತಟ್ಟುವ ಅಚ್ಚುಗಳು ಈಗ ಅತ್ತೆಯ ಬೀಡಿ ಕತ್ತರಿಯಿಂದಲೇ ಬರುವುದು.

ಪೀರಿಯಡ್ ವಾಪಸು ಬಂದ ಕತೆ

ಹೊಸ ಶಾಲೆಗೆ ಬಂದಾಗ ಟೈಮ್‌ಟೇಬಲ್‌ನಲ್ಲಿ ಚಿತ್ರಕಲೆ ಇತ್ತು, ಕ್ಲಾಸಿನಲ್ಲಿ ಇರಲಿಲ್ಲ. ಹುದ್ದೆ ಬಹಳ ಸಮಯ ಖಾಲಿ ಇದ್ದ ಕಾರಣ ಆ ಪೀರಿಯಡ್ ಲೆಕ್ಕಕ್ಕೂ ವಿಜ್ಞಾನಕ್ಕೂ ಹೋಗಿ ಅಭ್ಯಾಸವಾಗಿತ್ತು. ಹತ್ತನೆಯವರಿಗಂತೂ ಚಿತ್ರ ಬಿಡಿಸಲು ಪುರುಸೊತ್ತೇ ಇಲ್ಲ. ಎಸೆಸೆಲ್ಸಿಯಲ್ಲಿ ಚಿತ್ರಕಲೆಗೆ ಬೋರ್ಡ್ ಪರೀಕ್ಷೆ ಇಲ್ಲ, ಮತ್ತೆ ಯಾಕೆ ಎಂಬ ವಾದ.

ಕಾನೂನೂ ಪಠ್ಯಕ್ರಮವೂ ಹೇಳುವುದು ಬೇರೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಬೇಕು ಎಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ತರಗತಿಯವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಯಲ್ಲಿ ಕಲೆ ಕಲಿಸುವ ಅರೆಕಾಲಿಕ ಬೋಧಕರು ಇರಲೇಬೇಕು. ಕಾಗದದಲ್ಲಿ ಇರುವುದನ್ನು ಹಿಡಿದು ಜಗಳಕ್ಕೆ ನಿಲ್ಲಬಹುದಿತ್ತು. ಟೀಚರ್ ಬೇರೆ ದಾರಿ ಹಿಡಿದರು.

ವಿಜ್ಞಾನದ ಮಾಸ್ಟ್ರ ಬಳಿ ಹೋಗಿ ಹತ್ತನೆಯವರ ಉತ್ತರ ಪತ್ರಿಕೆಗಳನ್ನು ಕೇಳಿ ತಂದರು. ಮನುಷ್ಯನ ಹೃದಯ, ಕಣ್ಣು, ಮೂತ್ರಜನಕಾಂಗದ ನೆಫ್ರಾನ್, ವಿದ್ಯುತ್ ಮೋಟಾರು, ಹೂವಿನ ಉದ್ದ ಸೀಳಿಕೆ: ಬೋರ್ಡ್ ಪರೀಕ್ಷೆಯಲ್ಲಿ ಇಂತಹ ಚಿತ್ರಗಳಿಗೆ ಅಂಕ ಉಂಟು. ಓದಿನಲ್ಲಿ ಹಿಂದೆ ಇರುವ ಮಕ್ಕಳಿಗೆ ಪಾಸಾಗಲು ಅವೇ ಆಧಾರ. ಆದರೆ ಹೆಚ್ಚಿನವರ ಹೃದಯ ಪಪ್ಪಾಯಿಯ ಹಾಗಿತ್ತು. "ಎರಡು ತಿಂಗಳು ನನ್ನ ಪೀರಿಯಡ್ ನನಗೆ ಕೊಡಿ, ನಿಮ್ಮ ಚಿತ್ರ ನಾನು ಸರಿ ಮಾಡಿ ಕೊಡ್ತೇನೆ" ಎಂದರು. ಮೊದಲು ಹೊರಗಿನ ಆಕಾರ, ಆಮೇಲೆ ಅಕ್ಷದ ಗೆರೆ, ಆಮೇಲೆ ಒಳಗಿನ ಭಾಗ, ಕೊನೆಗೆ ಹೆಸರು ಬರೆಯುವ ಗೆರೆಗಳು. ಗೆರೆ ಒಂದಕ್ಕೊಂದು ತಾಗಬಾರದು, ಪೆನ್ಸಿಲ್ ಒತ್ತಬಾರದು. ಅರ್ಧ ವಾರ್ಷಿಕ ಪರೀಕ್ಷೆಯಾದ ಮೇಲೆ ವಿಜ್ಞಾನದ ಮಾಸ್ಟ್ರೇ ಸ್ಟಾಫ್‌ರೂಮಿನಲ್ಲಿ ಟೀಚರ್ ಪರ ಮಾತಾಡಿದರು. ಪೀರಿಯಡ್ ವಾಪಸು ಬಂತು. ವಾರಕ್ಕೆ ಒಂದೇ, ಆದರೂ ಬಂತು.

ಹಾಳೆಯ ಮೇಲೆ ಬಣ್ಣ

ಬಣ್ಣಕ್ಕೆ ದುಡ್ಡಿಲ್ಲ. ಕ್ಲಾಸಿನಲ್ಲಿ ಅರ್ಧ ಮಕ್ಕಳ ಬಳಿ ಕಲರ್ ಬಾಕ್ಸ್ ಇಲ್ಲ. ಆದ್ದರಿಂದ ಊರಿನಲ್ಲಿ ಸಿಕ್ಕುವುದನ್ನೇ ತಂದರು. ಕೆಂಪುಕಲ್ಲಿನ ಹುಡಿಗೆ ಅಂಟು ಬೆರೆಸಿದರೆ ಇಟ್ಟಿಗೆ ಬಣ್ಣ. ಗೆರಟೆ ಸುಟ್ಟರೆ ಕಪ್ಪು. ತೇಗದ ಎಳೆ ಚಿಗುರು ಕೈಯಲ್ಲಿ ಉಜ್ಜಿದರೆ ಕೆಂಪು. ಅರಸಿನಕ್ಕೆ ಸುಣ್ಣದ ನೀರು ಬಿದ್ದರೆ ಹಳದಿ ಹೋಗಿ ಕೆಂಪಾಗುವುದನ್ನು ನೋಡಿ ಮಕ್ಕಳು ಬೊಬ್ಬೆ ಹಾಕಿದರಂತೆ. ಆಮ್ಲ, ಪ್ರತ್ಯಾಮ್ಲದ ಪಾಠ ಅಲ್ಲಿಗೇ ಆಯಿತು. ಬರೆಯಲಿಕ್ಕೆ ಡ್ರಾಯಿಂಗ್ ಶೀಟ್ ಇಲ್ಲದವರಿಗೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆ.

ಮಕ್ಕಳ ಮನೆಮಾತು ಹಲವು. ಬ್ಯಾರಿ, ತುಳು, ಹವ್ಯಕ, ಮಲಯಾಳ. ಕನ್ನಡದಲ್ಲಿ ಬಾಯಿ ತೆರೆಯಲು ನಾಚುವ ಹೆಣ್ಣುಮಕ್ಕಳಿಗೆ ಟೀಚರ್ ಕೊಟ್ಟ ಮೊದಲ ಕೆಲಸ ಮೈಲಾಂಜಿಯದ್ದು. ಮದುವೆ ಮನೆಗಳಲ್ಲಿ ಕೋನ್ ಹಿಡಿದು ಹತ್ತು ಕೈಗೆ ಮೈಲಾಂಜಿ ಹಾಕುವ ಹುಡುಗಿಗೆ ಡಿಸೈನ್ ಎಂದರೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಒಂದೇ ಬಳ್ಳಿ ಎಷ್ಟು ಸಲ ಮರಳಿ ಬಂತು, ಎಡಕ್ಕೂ ಬಲಕ್ಕೂ ಸಮ ಉಂಟಾ, ಖಾಲಿ ಎಲ್ಲಿ ಬಿಟ್ಟಿದ್ದೀ ಎಂದು ಕೇಳುತ್ತಾ ಹೋದರು. ಗೊತ್ತಿದ್ದ ಕೆಲಸಕ್ಕೆ ಹೆಸರು ಸಿಕ್ಕಿತು.

ಮೊದಲ ತಿಂಗಳಲ್ಲೇ ಒಬ್ಬ ಹುಡುಗಿಯ ತಂದೆ ಶಾಲೆಗೆ ಬಂದು, "ಮನುಷ್ಯರದ್ದು, ಪ್ರಾಣಿಯದ್ದು ಚಿತ್ರ ನಮ್ಮ ಮಗಳು ಬರೆಯುವುದು ಬೇಡ" ಎಂದರು. ಈ ವಿಷಯದಲ್ಲಿ ನಮ್ಮ ವಿದ್ವಾಂಸರಲ್ಲೂ ಬೇರೆ ಬೇರೆ ಅಭಿಪ್ರಾಯಗಳಿವೆ. ಟೀಚರ್ ವಾದಕ್ಕೆ ಇಳಿಯಲಿಲ್ಲ. "ಆಯ್ತು ಕಾಕ, ಎಲೆ ಬರೆಯಲಿ, ದೋಣಿ ಬರೆಯಲಿ, ಬಳ್ಳಿ ಬರೆಯಲಿ. ಅದರಲ್ಲಿ ಕಲಿಯಲಿಕ್ಕೆ ಒಂದು ಜನ್ಮ ಸಾಲದು" ಎಂದರು. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆಯ ಫೋಟೊಗಳನ್ನೂ ತೋರಿಸಿದರು. ಆ ಹುಡುಗಿ ಈಗ ಕ್ಲಾಸಿನಲ್ಲಿ ಎಲ್ಲರಿಗಿಂತ ಚಂದ ಬಳ್ಳಿ ಬರೆಯುತ್ತಾಳೆ.

ಅದೇ ಗೋಡೆಯಲ್ಲಿ ಮೂಡಬಿದಿರೆಯ ಸಾವಿರ ಕಂಬದ ಬಸದಿಯ ಕಂಬಗಳೂ, ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಅಂತೋನಿಯೊ ಮೊಸ್ಕೇನಿ ಬರೆದ ಚಿತ್ರಗಳೂ ಇವೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಪಾಠ ಮಾಡಿದ್ದನ್ನು ಟೀಚರ್ ಎಲ್ಲ ಕ್ಲಾಸಿನಲ್ಲೂ ಹೇಳುತ್ತಾರೆ. ಮಂಗಳೂರಿನಲ್ಲಿ ಚಿತ್ರ ಕಲಿಸಿದ ನಮ್ಮ ಬಿ.ಜಿ. ಮೊಹಮ್ಮದರ ಹೆಸರನ್ನೂ ಹೇಳುತ್ತಾರೆ. ಚಿತ್ರದ ಮಾಸ್ಟ್ರು ಎಂದರೆ ಸಣ್ಣ ಕೆಲಸ ಎಂದು ಮಕ್ಕಳು ತಿಳಿಯಬಾರದು ಎಂಬುದು ಅವರ ಆಸೆ.

ಗೇಟಿನ ಒಳಗೆ ಉಮ್ಮ ಇಲ್ಲ

ಮಗಳು ಈಗ ಎಂಟನೇ ಕ್ಲಾಸು, ಉಮ್ಮನದೇ ಶಾಲೆ. ಗೇಟು ದಾಟಿದ ಮೇಲೆ 'ಉಮ್ಮ' ಎಂದು ಕರೆಯುವಂತಿಲ್ಲ, 'ಟೀಚರ್' ಎನ್ನಬೇಕು ಎಂಬುದು ಮನೆಯಲ್ಲಿ ಮಾಡಿದ ಕಾನೂನು. ಮೊದಲ ವಾರ ಆಕೆ ಯಾವುದನ್ನೂ ಕರೆಯದೆ ಬರೇ ಕೈ ಎತ್ತುತ್ತಿದ್ದಳಂತೆ.

ನಾವು ಆಕೆಯೊಂದಿಗೂ ಮಾತಾಡಿದೆವು. ದೂರು ಉಂಟು. "ಕ್ಲಾಸಿನ ಗೋಡೆಗೆ ಎಲ್ಲರ ಚಿತ್ರ ಹಾಕ್ತಾರೆ, ನನ್ನದು ಹಾಕುದಿಲ್ಲ. ಟೀಚರ್ ಮಗಳಾದ್ದಕ್ಕೆ ಅಂತೆ. ಅದು ನ್ಯಾಯವಾ?" ಎಂದು ಉಮ್ಮನ ಎದುರಿನಲ್ಲೇ ನಮ್ಮನ್ನು ಕೇಳಿದಳು. ಟೀಚರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೇರೆ ಮಕ್ಕಳ ತಂದೆತಾಯಿ ಎಂತ ಹೇಳ್ತಾರೋ ಎಂಬ ಹೆದರಿಕೆ ನನ್ನದು. ಆದರೆ ಇವಳು ಹೇಳುವುದೂ ಸರಿ" ಎಂದರು. ಚಿತ್ರ ಆರಿಸುವ ಕೆಲಸವನ್ನು ಮುಂದಿನ ತಿಂಗಳಿನಿಂದ ಕ್ಲಾಸಿನ ಮಕ್ಕಳಿಗೇ ಬಿಡುತ್ತಾರಂತೆ.

ಎಲ್ಲವೂ ಸರಿಯಾಗಿದೆ ಎಂದು ನಾವು ಬರೆಯುವುದಿಲ್ಲ. ಚಿತ್ರಕಲೆಗೆ ಬೇರೆ ಕೋಣೆ ಇನ್ನೂ ಆಗಿಲ್ಲ, ಲ್ಯಾಬಿನ ಒಂದು ಮೂಲೆಯೇ ಗತಿ. ಮಳೆಗಾಲದಲ್ಲಿ ಅಲ್ಲಿ ನೀರು ಸೋರುತ್ತದೆ, ಹಾಳೆಯ ಚಿತ್ರಗಳಿಗೆ ಬೂಷ್ಟು ಹಿಡಿಯುತ್ತದೆ. ಚಂದ ಗೆರೆ ಎಳೆಯುತ್ತಿದ್ದ ಒಬ್ಬ ಹುಡುಗ ಹತ್ತನೆ ಮುಗಿಸಿ ಪೇಟೆಯ ಸ್ಟಿಕ್ಕರ್ ಅಂಗಡಿಗೆ ಸೇರಿದ. ಸರಕಾರ ನಡೆಸುವ ಡ್ರಾಯಿಂಗ್ ಲೋವರ್, ಹೈಯರ್ ಗ್ರೇಡ್ ಪರೀಕ್ಷೆ ಕಟ್ಟು, ಮುಂದೆ ವಿಷುವಲ್ ಆರ್ಟ್ ಕಲಿ, ಲೆಕ್ಕ ಬರುವುದಾದರೆ ಪಿಯುಸಿ ಮುಗಿಸಿ ಆರ್ಕಿಟೆಕ್ಚರ್‌ಗೆ ನಾಟಾ ಬರಿ ಎಂದು ಟೀಚರ್ ಹೇಳಿ ನೋಡಿದರು. ಮನೆಯವರಿಗೆ ಆಗಿಂದಾಗ ಸಿಕ್ಕುವ ಕೂಲಿ ಬೇಕಿತ್ತು. ಅಂಗಡಿಯವರಿಗೆ ಅವನ ಕೈಕೆಲಸ ಹಿಡಿಸಿದೆ ಎಂಬುದಷ್ಟೇ ಸಮಾಧಾನ.

ಇನ್ನೊಂದು ವರ್ಗಾವಣೆ ಬಂದರೆ? "ಆವಾಗ ನೋಡುವ. ಈ ಸಲದ್ದೇ ಇನ್ನೂ ಮುಗಿದಿಲ್ಲ" ಎಂದರು ಟೀಚರ್.

ನಮ್ಮ ಜಮಾಅತ್‌ಗಳು, ಸಂಘಟನೆಗಳು ಪ್ರತಿ ಜೂನ್‌ನಲ್ಲಿ ಮಕ್ಕಳಿಗೆ ನೋಟ್‌ಬುಕ್, ಬ್ಯಾಗು, ಕೊಡೆ ಕೊಡುತ್ತವೆ. ಒಳ್ಳೆಯ ಕೆಲಸ. ಅದರೊಟ್ಟಿಗೆ ಹತ್ತಿರದ ಸರಕಾರಿ ಶಾಲೆಗೆ ಒಂದು ಕಟ್ಟು ಡ್ರಾಯಿಂಗ್ ಶೀಟು, ನಾಲ್ಕು ಡಬ್ಬಿ ಬಣ್ಣ ಕೊಟ್ಟರೆ ವರ್ಷವಿಡೀ ನಡೆಯುತ್ತದೆ. ಅದಕ್ಕೂ ಆಗದವರು ಖರ್ಚಿಲ್ಲದ ಒಂದು ಕೆಲಸ ಮಾಡಬಹುದು. ಮುಂದಿನ ಪೋಷಕರ ಸಭೆಗೆ ಹೋದಾಗ ಲೆಕ್ಕ, ಇಂಗ್ಲಿಷಿನ ಮಾರ್ಕ್ ವಿಚಾರಿಸಿದ ಮೇಲೆ ಇದನ್ನೂ ಕೇಳಿ: "ಚಿತ್ರದ ಪೀರಿಯಡ್ ಸರಿಯಾಗಿ ಆಗ್ತದಾ?"