ಕುಸ್ಕೋ ನಗರದ ಶಿಲಾಭಿತ್ತಿಗಳು

ದಕ್ಷಿಣ ಅಮೆರಿಕಾ ಖಂಡದ ಪೆರು ದೇಶದಲ್ಲಿ, ಆಂಡೀಸ್ ಪರ್ವತಗಳ ನಡುವೆ, ಸಮುದ್ರಮಟ್ಟಕ್ಕಿಂತ ಸುಮಾರು 3,400 ಮೀಟರ್ ಎತ್ತರದಲ್ಲಿ, ಇಂಕಾ ಅರಸರ ಪುರಾತನ ರಾಜಧಾನಿಯಾದ ಕುಸ್ಕೋ ಇರುವುದು. ಅಲ್ಲಿ ವಾಯುವು ವಿರಳವಾದುದರಿಂದ ಹತ್ತು ಮೆಟ್ಟಿಲೇರುವುದರೊಳಗೆ ನಮಗೆ ಏದುಸಿರು ಬಂದಿತು. ಕೋಕಾ ಎಲೆಯ ಕಷಾಯವನ್ನು ಕುಡಿದು ಮೊದಲ ದಿನ ವಿಶ್ರಮಿಸುವುದು ಅಲ್ಲಿಯ ವಾಡಿಕೆ. ನಮ್ಮಂತಹ ವಯಸ್ಸಾದವರು ಅದನ್ನು ಮೀರತಕ್ಕುದಲ್ಲ.

ನಾವು ಬಹು ಹೊತ್ತು ನಿಂತು ನೋಡಿದುದು ಗೋಡೆಗಳನ್ನು. ಇಂಕಾ ಕಲ್ಲುಕುಟಿಗರಿಗೆ ಕಬ್ಬಿಣದ ಉಳಿಗಳಿರಲಿಲ್ಲ. ಕಲ್ಲಿನಿಂದಲೇ ಕಲ್ಲನ್ನು ಕುಟ್ಟಿ, ಗಾರೆಯಿಲ್ಲದೆ, ಸಂದಿನಲ್ಲಿ ಚೂರಿಯ ಮೊನೆಯೂ ತೂರದಂತೆ ಜೋಡಿಸಿರುವರು. ಹಾತುನ್ ರುಮಿಯೋಕ್ ಬೀದಿಯ ಒಂದು ಕಲ್ಲಿಗಂತೂ ಹನ್ನೆರಡು ಕೋನಗಳುಂಟು!

1533ರಲ್ಲಿ ಸ್ಪೇನಿನವರು ಕೊರಿಕಾಂಚಾ ಎಂಬ ಸೂರ್ಯದೇವಾಲಯದ ಸುವರ್ಣವನ್ನು ದೋಚಿದರು. ಬಳಿಕ ಅದರ ಗೋಡೆಗಳ ಮೇಲೆಯೇ ಸಂತ ಡೊಮಿಂಗೋ ಮಠವನ್ನು ಕಟ್ಟಿದರು. 1650ರ ಭೂಕಂಪದಲ್ಲಿ ಮಠವು ಕುಸಿಯಿತು. ಮರಳಿ ಕಟ್ಟಿದುದೂ 1950ರ ಮೇ 21ರಂದು ಬಹುವಾಗಿ ಜರಿಯಿತು. ಕೆಳಗಿನ ಇಂಕಾ ಭಿತ್ತಿಗಳು ಮಾತ್ರ ಒಳಮುಖವಾಗಿ ತುಸು ಬಾಗಿಕೊಂಡು, ಹಾಗೆಯೇ ನಿಂತಿದ್ದುವು. ಜೀರ್ಣೋದ್ಧಾರದಲ್ಲಿ ಅವುಗಳನ್ನು ಪುನಃ ಮುಚ್ಚದೆ ಬಿಟ್ಟುದು ವಿವೇಕದ ಕಾರ್ಯವೇ ಸರಿ. ಈಗ ಮಠದ ಕಮಾನುಗಳ ಹಿಂದೆ ಸೂರ್ಯಾಲಯದ ಕೋಣೆಗಳು ಕಾಣಿಸುವುವು. ಹೊರಗೆ ಬೀದಿಯಲ್ಲಿ ಮುಸುಕಿನ ಜೋಳವನ್ನು ಮಾರುವ ಹೆಂಗಸರು ತಮ್ಮತಮ್ಮೊಳಗೆ ಇಂಕಾ ಅರಸರ ಕಾಲದ ಕ್ವೆಚುವಾ ಭಾಷೆಯಲ್ಲಿಯೇ ಮಾತಾಡಿಕೊಳ್ಳುತ್ತಿದ್ದರು.