ಟರ್ಮ್ ಪಾಲಿಸಿಯ ದುಡ್ಡು ದಂಡವೇ?

ತಪ್ಪು ಕಲ್ಪನೆ: ಟರ್ಮ್ ಪಾಲಿಸಿಗೆ ಕಟ್ಟಿದ್ದು ದಂಡ, ಬದುಕಿದ್ದರೆ ಒಂದು ಪೈಸೆಯೂ ವಾಪಸ್ ಬರುವುದಿಲ್ಲ.

ವಾಪಸ್ ಬರುವುದಿಲ್ಲ ಎಂಬುದೇನೋ ನಿಜ. ಆದರೆ ಬೈಕಿಗೆ ಇನ್ಶೂರೆನ್ಸ್ ಕಟ್ಟಿ, ವರ್ಷವಿಡೀ ಅಪಘಾತವಾಗಲಿಲ್ಲವಲ್ಲ ಎಂದು ಯಾರೂ ಕೊರಗುವುದಿಲ್ಲ. ಸಿಗರೇಟು ಸೇದದ, ಆರೋಗ್ಯವಂತನಾದ 30ರ ಯುವಕ 60ರವರೆಗೆ ಒಂದು ಕೋಟಿಯ ಟರ್ಮ್ ಪಾಲಿಸಿ ಮಾಡಿಸಿದರೆ ಪ್ರೀಮಿಯಂ ವರ್ಷಕ್ಕೆ ಸುಮಾರು 10ರಿಂದ 15 ಸಾವಿರ. ಅದೇ ಯುವಕ ಅವಧಿ ಮುಗಿದಾಗ ಹಣ ಕೊಡುವ ಎಂಡೋಮೆಂಟ್ ಪಾಲಿಸಿಯನ್ನು 20 ವರ್ಷಕ್ಕೆ, ಹತ್ತು ಲಕ್ಷಕ್ಕೆ ಮಾಡಿಸಿದರೆ ವರ್ಷಕ್ಕೆ ಅರ್ಧ ಲಕ್ಷದ ಆಸುಪಾಸು ಕಟ್ಟಬೇಕು. ಮನೆ ಸಾಲ ತೀರುವ ಮೊದಲೇ ಆತ ಹೋಗಿಬಿಟ್ಟರೆ? ಟರ್ಮ್ ಇದ್ದ ಮನೆಗೆ ಕೋಟಿ ಬರುತ್ತದೆ. ಎಂಡೋಮೆಂಟ್ ಇದ್ದ ಮನೆಗೆ ಹತ್ತು ಲಕ್ಷ, ಜೊತೆಗೆ ಅಲ್ಲಿಯವರೆಗಿನ ಬೋನಸ್. ಏಜೆಂಟರು ತೋರಿಸುವ ಮೆಚ್ಯೂರಿಟಿ ಪಟ್ಟಿಯಲ್ಲಿ ಈ ಸಾಲಿನತ್ತ ನಮ್ಮ ಕಣ್ಣು ಹೋಗುವುದೇ ಕಡಿಮೆ.

ಹಣ ವಾಪಸ್ ಬರದೆಂಬ ಕೊರಗಿಗೆಂದೇ ಪ್ರೀಮಿಯಂ ಮರಳಿಸುವ ಟರ್ಮ್ ಯೋಜನೆಗಳೂ ಇವೆ. ಅವುಗಳ ಪ್ರೀಮಿಯಂ ಹೆಚ್ಚು. ವರ್ಷಕ್ಕೆ 20 ಸಾವಿರದಂತೆ 30 ವರ್ಷ ಕಟ್ಟಿ ಆರು ಲಕ್ಷ ವಾಪಸ್ ಪಡೆದಿರಿ ಎನ್ನಿ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ ಆ ಹಣದ ಬೆಲೆ ಇವತ್ತಿನ ಒಂದು ಲಕ್ಷದಷ್ಟು.

ತಪ್ಪು ಕಲ್ಪನೆ: ಸಾವು ಖಚಿತ, ಹಾಗಾಗಿ ಜೀವನಪೂರ್ತಿ ಪಾಲಿಸಿಯಲ್ಲಿ ನಷ್ಟವೇ ಇಲ್ಲ.

ಸಾವು ಖಚಿತವೆಂದು ವಿಮಾ ಕಂಪನಿಗೂ ಗೊತ್ತು. ಅದಕ್ಕೇ ಪ್ರೀಮಿಯಂ ಅಷ್ಟು. ಎಲ್‌ಐಸಿಯ ಜೀವನ್ ಉಮಂಗ್ 100 ವರ್ಷದವರೆಗೆ ರಕ್ಷಣೆ ಕೊಡುತ್ತದೆ. ಪ್ರೀಮಿಯಂ ಕಟ್ಟುವ ಅವಧಿ ಮುಗಿದ ಮೇಲೆ ವರ್ಷವರ್ಷ ಮೂಲ ವಿಮಾ ಮೊತ್ತದ ಶೇ. 8ರಷ್ಟು ಹಣವನ್ನೂ ಕೊಡುತ್ತದೆ. ಅನೇಕರು ಇದನ್ನು ಶೇ. 8 ಬಡ್ಡಿ ಎಂದುಕೊಳ್ಳುತ್ತಾರೆ. ಅಲ್ಲ, ಅದು ವಿಮಾ ಮೊತ್ತದ ಮೇಲಿನ ಲೆಕ್ಕ. ನೀವು ಕಟ್ಟಿದ ಒಟ್ಟು ಹಣ ಆ ಮೊತ್ತವನ್ನು ಮೀರಿರಬಹುದು. ಮೊದಲ ಕಂತು ಕೈಗೆ ಬರಲು 15 ವರ್ಷವಾದರೂ ಕಾಯಬೇಕು. ಬೋನಸ್ಸಿನ ಕಥೆಯೂ ಹೀಗೇ. ಸಾವಿರಕ್ಕೆ 45 ರೂಪಾಯಿ ಎಂದರೆ ಹತ್ತು ಲಕ್ಷದ ಪಾಲಿಸಿಗೆ ಆ ವರ್ಷ 45 ಸಾವಿರ ಜಮೆ. ಮುಂದಿನ ವರ್ಷ ಆ 45 ಸಾವಿರಕ್ಕೆ ಮತ್ತೆ ಬೋನಸ್ ಸಿಗುವುದಿಲ್ಲ. ವರ್ಷಕ್ಕೆ ಒಂದು ಲಕ್ಷದಂತೆ 20 ವರ್ಷ ಕಟ್ಟಿ ಕೊನೆಗೆ 40 ಲಕ್ಷ ಬಂದರೆ 'ಡಬಲ್' ಆಯಿತೆಂದು ಖುಷಿಪಡುತ್ತೇವೆ. ಲೆಕ್ಕ ಹಾಕಿದರೆ ವಾರ್ಷಿಕ ಗಳಿಕೆ ಶೇ. 6ಕ್ಕಿಂತ ಚೂರು ಹೆಚ್ಚು, ಅಷ್ಟೇ.

ಹಾಗೆಂದು ಅದು ಯಾರಿಗೂ ಬೇಡವೆಂದಲ್ಲ. ಬದುಕಿಡೀ ಆಸರೆ ಬೇಕಾದ ಮಗುವಿದ್ದರೆ ಜೀವನಪೂರ್ತಿ ಪಾಲಿಸಿಗೆ ಅರ್ಥವಿದೆ. ಸಾಲ ತೀರಿ, ಮಕ್ಕಳು ದುಡಿಯತೊಡಗಿದ 75ರ ಹಿರಿಯರಿಗೆ ಆ ರಕ್ಷಣೆಯ ಅಗತ್ಯವೇ ಕಡಿಮೆ.

ಟರ್ಮ್ ಕ್ಲೇಮ್ ಕೊಡುವುದೇ ಇಲ್ಲ ಎಂಬ ಮಾತೂ ಉಂಟು. ವಿಮಾ ಕಾಯ್ದೆಯ 45ನೇ ಕಲಮಿನಂತೆ, ಮೂರು ವರ್ಷ ಕಳೆದ ಪಾಲಿಸಿಯನ್ನು ಕಂಪನಿ ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಟರ್ಮ್, ಎಂಡೋಮೆಂಟ್ ಎಂಬ ಭೇದವಿಲ್ಲ. ಶುಗರ್, ಬಿಪಿ, ಸಿಗರೇಟನ್ನು ಮುಚ್ಚಿಟ್ಟು ಅರ್ಜಿ ತುಂಬಿದರೆ ಮಾತ್ರ ಆ ಮೂರು ವರ್ಷದೊಳಗೆ ಮನೆಯವರು ಪರದಾಡಬೇಕಾದೀತು.

ಈಗಾಗಲೇ ಎಂಡೋಮೆಂಟ್ ಕಟ್ಟುತ್ತಿದ್ದರೆ ಇದನ್ನೋದಿ ತಕ್ಷಣ ನಿಲ್ಲಿಸಬೇಡಿ. ಮೊದಲು ಟರ್ಮ್ ಪಾಲಿಸಿ ಕೈಗೆ ಬರಲಿ. ಆಮೇಲೆ ಸರೆಂಡರ್ ಮೊತ್ತವನ್ನು ಬರವಣಿಗೆಯಲ್ಲಿ ಕೇಳಿ ನಿರ್ಧರಿಸಿ. ಹೊಸ ಪಾಲಿಸಿ ಒಪ್ಪಿಗೆಯಾಗದಿದ್ದರೆ, ದಾಖಲೆ ಸಿಕ್ಕ 30 ದಿನದೊಳಗೆ ಹಿಂದಿರುಗಿಸಬಹುದು. ಸ್ಟಾಂಪ್, ವೈದ್ಯಕೀಯ ಪರೀಕ್ಷೆ ಮತ್ತು ಅಷ್ಟು ದಿನದ ರಕ್ಷಣೆಯ ಖರ್ಚು ಹಿಡಿದು ಉಳಿದ ಹಣವನ್ನು ಕಂಪನಿ ಕೊಡಲೇಬೇಕು.