ಬೆಳಗಿನ ಉಪಾಹಾರಕ್ಕೆ ಚಾಕಲೇಟ್ ಓಟ್ಸ್: ಹಿತವಾಗುವುದು ಯಾವಾಗ?

ಕೆಲವು ತಿಂಗಳ ಹಿಂದೆ ತಾಯಿಯೊಬ್ಬರು 10 ವರ್ಷದ ಮಗನನ್ನು ನನ್ನ ಕ್ಲಿನಿಕ್‌ಗೆ ಕರೆತಂದರು. ಹುಡುಗ ಬೆಳಿಗ್ಗೆ ಆರೂವರೆಗೆ ಒಂದು ಲೋಟ ಚಹಾ ಕುಡಿದು ಮದ್ರಸಕ್ಕೆ ಹೋಗುತ್ತಾನೆ. ಎಂಟೂವರೆಗೆ ಮರಳಿ ಬಂದವನೇ ಚೀಲ ಬದಲಿಸಿ ಶಾಲೆಯ ಬಸ್ಸಿಗೆ ಓಡುತ್ತಾನೆ. ಮಲಬದ್ಧತೆ ಇತ್ತು. ತರಗತಿಯಲ್ಲಿ ಹನ್ನೊಂದು ಗಂಟೆಯ ಹೊತ್ತಿಗೆ ತಲೆನೋವು ಬರುತ್ತಿತ್ತು. ಪರೀಕ್ಷಿಸಿದಾಗ ಬೇರೆ ದೋಷ ಕಾಣಲಿಲ್ಲ. "ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಿ, ಓಟ್ಸ್ ಕೊಡಿ" ಎಂದು ಹೇಳಿದೆ.

ಒಂದು ತಿಂಗಳ ನಂತರ ಬಂದಾಗ ಏನೂ ಬದಲಾಗಿರಲಿಲ್ಲ. "ದಿನಾ ಓಟ್ಸ್ ಕೊಡ್ತಿದ್ದೇನೆ ಡಾಕ್ಟ್ರೇ" ಎಂದು ಆಕೆ ಚೀಲದಿಂದ ಒಂದು ಪೊಟ್ಟಣ ತೆಗೆದು ತೋರಿಸಿದರು. ಅದು ಚಾಕಲೇಟ್ ಓಟ್ಸ್ ಬಿಸ್ಕತ್ತು. ಹಿಂಬದಿ ತಿರುಗಿಸಿ ನೋಡಿದರೆ ಮೊದಲು ಮೈದಾ, ಆಮೇಲೆ ಸಕ್ಕರೆ, ಮೂರನೆಯದು ತಾಳೆ ಎಣ್ಣೆ. ಓಟ್ಸ್ ಇದ್ದದ್ದು ಅದರ ನಂತರ. ತಪ್ಪು ಆಕೆಯದಲ್ಲ. ಯಾವ ಓಟ್ಸ್, ಯಾವ ರೂಪದಲ್ಲಿ ಎಂದು ನಾನೇ ಹೇಳಿರಲಿಲ್ಲ. ಅಂದು ಹೇಳದೆ ಬಿಟ್ಟದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಪೊಟ್ಟಣದ ಹಿಂಬದಿ ಓದಿ

ಪೊಟ್ಟಣದ ಮುಂಭಾಗ ಜಾಹೀರಾತು. ನಿಜವಾದ ವಿಷಯ ಹಿಂಭಾಗದಲ್ಲಿದೆ. ಅಲ್ಲಿ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಹೆಚ್ಚು ಹಾಕಿದ್ದು ಮೊದಲು ಬರುತ್ತದೆ. ಗ್ಲುಕೋಸ್ ಸಿರಪ್, ಇನ್ವರ್ಟ್ ಸಿರಪ್ ಎಂದು ಬರೆದಿದ್ದರೆ ಅವೂ ಸಕ್ಕರೆಯೇ. ಸಕ್ಕರೆ ಎಷ್ಟು ಗ್ರಾಂ ಎಂದು ನೋಡಿ 4ರಿಂದ ಭಾಗಿಸಿ. ಎಷ್ಟು ಚಹಾ ಚಮಚ ಸಕ್ಕರೆ ಎಂಬುದು ತಿಳಿಯುತ್ತದೆ.

ಒಬ್ಬರ ದಿನದ ಒಟ್ಟು ಶಕ್ತಿಯಲ್ಲಿ ಹೊರಗಿನಿಂದ ಸೇರಿಸಿದ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ದಿನಕ್ಕೆ 2000 ಕ್ಯಾಲೊರಿ ಬೇಕಾದ ವಯಸ್ಕರಿಗೆ ಆ ಶೇ. 5 ಎಂದರೆ ಸುಮಾರು 25 ಗ್ರಾಂ, ಅಂದರೆ 6 ಚಹಾ ಚಮಚ. ಮಕ್ಕಳಿಗೆ ಇನ್ನೂ ಕಡಿಮೆ. ಜೇನು ಮತ್ತು ಬೆಲ್ಲ ಈ ಲೆಕ್ಕದಿಂದ ಹೊರಗಿಲ್ಲ ಎಂಬುದು ನೆನಪಿರಲಿ. "ಸಕ್ಕರೆ ಹಾಕಿಲ್ಲ, ಬೆಲ್ಲ ಮಾತ್ರ" ಎಂದು ಸಮಾಧಾನ ಪಟ್ಟುಕೊಳ್ಳುವವರು ನನ್ನಲ್ಲಿಗೆ ಬಹಳ ಮಂದಿ ಬರುತ್ತಾರೆ.

ಓಟ್ಸ್‌ನ ಗುಣ

100 ಗ್ರಾಂ ಸಾದಾ ಓಟ್ಸ್‌ನಲ್ಲಿ ಸುಮಾರು 13 ಗ್ರಾಂ ಪ್ರೋಟೀನ್, 10 ಗ್ರಾಂ ನಾರು ಇರುತ್ತದೆ. ಈ ನಾರಿನಲ್ಲಿ ಬೀಟಾ ಗ್ಲುಕಾನ್ ಎಂಬುದು ಮುಖ್ಯ. ನೀರು ತಾಗಿದಾಗ ಅದು ಲೋಳೆಯಂತಾಗುತ್ತದೆ. ಹೊಟ್ಟೆಯಿಂದ ಆಹಾರ ಮುಂದೆ ಸಾಗುವುದು ನಿಧಾನವಾಗುತ್ತದೆ, ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರುವುದಿಲ್ಲ, ಬೇಗ ಹಸಿವಾಗುವುದಿಲ್ಲ. ದಿನಕ್ಕೆ 3 ಗ್ರಾಂ ಬೀಟಾ ಗ್ಲುಕಾನ್ ಕೆಟ್ಟ ಕೊಲೆಸ್ಟರಾಲನ್ನು ಇಳಿಸಲು ನೆರವಾಗುತ್ತದೆ. ಇದರ ಆಧಾರದಲ್ಲಿ ಓಟ್ಸ್ ಪೊಟ್ಟಣದ ಮೇಲೆ ಹೃದಯದ ಆರೋಗ್ಯದ ಮಾತು ಬರೆಯಲು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 1997ರಲ್ಲಿ ಅನುಮತಿ ನೀಡಿತು. ಆದರೆ 3 ಗ್ರಾಂ ಸಿಗಬೇಕಾದರೆ ಸುಮಾರು 75 ಗ್ರಾಂ ಓಟ್ಸ್ ತಿನ್ನಬೇಕು. ಬಿಸ್ಕತ್ತಿನಲ್ಲಿರುವ ಚೂರು ಓಟ್ಸ್‌ನಿಂದ ಅದು ಆಗುವುದಿಲ್ಲ.

ಯುನಾನಿ ವೈದ್ಯರು ತಲೆಮಾರುಗಳಿಂದ ರೋಗಿಗಳಿಗೆ ಕೊಡುತ್ತ ಬಂದ ಬಾರ್ಲಿ ಗಂಜಿಯಲ್ಲೂ ಇದೇ ನಾರು ಇದೆ. ಮದ್ದಿಗಿಂತ ಮೊದಲು ಆಹಾರದಿಂದ ಸರಿಪಡಿಸಲು ನೋಡುವುದನ್ನು ನಮ್ಮ ಪದ್ಧತಿಯಲ್ಲಿ ಇಲಾಜ್ ಬಿಲ್ ಗಿಜಾ ಎನ್ನುತ್ತಾರೆ. ಹಾಗಾಗಿ ಓಟ್ಸ್ ಒಂದೇ ಶ್ರೇಷ್ಠ ಎಂದೇನಿಲ್ಲ. ರಾಗಿ, ಹೆಸರುಕಾಳು, ಕಡಲೆ ಇರುವ ಮನೆಯಲ್ಲಿ ವಾರಕ್ಕೆ ಎರಡು ದಿನ ಓಟ್ಸ್ ಇದ್ದರೆ ಸಾಕು.

ಕೊಳ್ಳುವಾಗ ಸಾದಾ ರೋಲ್ಡ್ ಓಟ್ಸ್ ಕೇಳಿ. ಇನ್‌ಸ್ಟಂಟ್ ಓಟ್ಸ್ ಬೇಗ ಜೀರ್ಣವಾಗಿ ಸಕ್ಕರೆಯನ್ನೂ ಬೇಗ ಏರಿಸುತ್ತದೆ. ಮಸಾಲೆ ಸೇರಿಸಿದವುಗಳಲ್ಲಿ ಉಪ್ಪು ಹೆಚ್ಚು.

ಕೋಕೋ ಬೇರೆ, ಚಾಕಲೇಟ್ ಬೇರೆ

ಪುತ್ತೂರು, ಸುಳ್ಯ ಕಡೆಯ ಓದುಗರಿಗೆ ಅಡಿಕೆ ಮರಗಳ ನಡುವೆ ಬೆಳೆಯುವ ಕೋಕೋ ಗಿಡ ಗೊತ್ತು. 1986ರಿಂದ ಪುತ್ತೂರಿನಲ್ಲಿ ಕ್ಯಾಂಪ್ಕೋದ ಚಾಕಲೇಟ್ ಕಾರ್ಖಾನೆ ಇದೆ. ಹಣ್ಣಿನ ಬೀಜಗಳನ್ನು ಕೆಲವು ದಿನ ಹುದುಗಿಸಿ, ಒಣಗಿಸಿ, ಹುರಿದು ಅರೆಯುತ್ತಾರೆ. ಅದರಿಂದ ಬೆಣ್ಣೆಯನ್ನು ಹಿಂಡಿ ತೆಗೆದ ಮೇಲೆ ಉಳಿಯುವ ಹಿಂಡಿಯ ಪುಡಿಯೇ ಕೋಕೋ ಪುಡಿ. ಅದು ಕಹಿ. ಅದರಲ್ಲಿ ಸಕ್ಕರೆ ತೀರಾ ಕಡಿಮೆ, ನಾರು ಸಾಕಷ್ಟು. ನಮಗೆ ಬೇಕಾದದ್ದು ಇದು.

ಹಾಲಿಗೆ ಕಲಸುವ ಡ್ರಿಂಕಿಂಗ್ ಚಾಕಲೇಟ್ ಪುಡಿಯಲ್ಲಿ ದೊಡ್ಡ ಪಾಲು ಸಕ್ಕರೆ. ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗುವ 'ಕಾಂಪೌಂಡ್' ಗಟ್ಟಿಯಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಕೊಬ್ಬು ಇರುತ್ತದೆ. ಇವೆರಡನ್ನೂ ಬಿಡಿ.

ಮನೆಯಲ್ಲಿ ಮಾಡುವ ವಿಧಾನ

ಬೇಕಾಗುವ ಸಾಮಗ್ರಿ (9 ತುಂಡುಗಳಿಗೆ):
ರೋಲ್ಡ್ ಓಟ್ಸ್ 180 ಗ್ರಾಂ (ಸುಮಾರು 2 ಕಪ್)
ಚೆನ್ನಾಗಿ ಕಳಿತ ದೊಡ್ಡ ಬಾಳೆಹಣ್ಣು 2, ಏಲಕ್ಕಿ ಬಾಳೆಯಾದರೆ 5
ಬೀಜ ತೆಗೆದ ಖರ್ಜೂರ 10
ಸಕ್ಕರೆ ಸೇರಿಸದ ಕೋಕೋ ಪುಡಿ 3 ದೊಡ್ಡ ಚಮಚ
ಮೊಟ್ಟೆ 2
ಹಾಲು ಮುಕ್ಕಾಲು ಕಪ್
ತುಪ್ಪ ಅಥವಾ ಎಣ್ಣೆ 2 ದೊಡ್ಡ ಚಮಚ
ಬೇಕಿಂಗ್ ಪೌಡರ್ 1 ಚಹಾ ಚಮಚ
ಏಲಕ್ಕಿ ಪುಡಿ ಅರ್ಧ ಚಹಾ ಚಮಚ, ಚಿಟಿಕೆ ಉಪ್ಪು
ಜಜ್ಜಿದ ಬಾದಾಮಿ, ಅಕ್ರೋಟ್ ಅಥವಾ ಹುರಿದ ನೆಲಗಡಲೆ ಒಂದು ಹಿಡಿ

ಖರ್ಜೂರವನ್ನು ತೊಳೆದು ಬಿಸಿ ಹಾಲಿನಲ್ಲಿ 20 ನಿಮಿಷ ನೆನೆಸಿ, ಅದೇ ಹಾಲಿನೊಂದಿಗೆ ನುಣ್ಣಗೆ ರುಬ್ಬಿ. ಬಾಳೆಹಣ್ಣನ್ನು ಕಿವುಚಿ. ಮೊಟ್ಟೆಗಳನ್ನು ಬೇರೆ ಬಟ್ಟಲಿನಲ್ಲಿ ಒಂದೊಂದಾಗಿ ಒಡೆದು ನೋಡಿ, ನಂತರ ತುಪ್ಪದೊಂದಿಗೆ ಇದಕ್ಕೆ ಸೇರಿಸಿ. ಓಟ್ಸ್‌ನಲ್ಲಿ ಅರ್ಧದಷ್ಟನ್ನು ಮಿಕ್ಸಿಯಲ್ಲಿ ತರಿ ಮಾಡಿ, ಉಳಿದರ್ಧವನ್ನು ಹಾಗೆಯೇ ಹಾಕಿ. ಕೋಕೋ, ಬೇಕಿಂಗ್ ಪೌಡರ್, ಏಲಕ್ಕಿ, ಉಪ್ಪು ಸೇರಿಸಿ ಕಲಸಿ, ಹತ್ತು ನಿಮಿಷ ಬಿಡಿ. ಓಟ್ಸ್ ಹಾಲನ್ನು ಹೀರಿಕೊಳ್ಳಲಿ. ತುಪ್ಪ ಸವರಿದ 8 ಇಂಚಿನ ತಟ್ಟೆಗೆ ಸುರಿದು, ಮೇಲೆ ಬಾದಾಮಿ ಚೂರು ಉದುರಿಸಿ. ಓವನ್ನಿನಲ್ಲಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 25ರಿಂದ 30 ನಿಮಿಷ ಬೇಯಿಸಿ. ನಡುವೆ ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಅಂಟಬಾರದು. ಪೂರ್ತಿ ಆರಿದ ಮೇಲೆ ಕತ್ತರಿಸಿ.

ಓವನ್ ಇಲ್ಲದವರು ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಒಂದು ಇಂಚು ಪುಡಿ ಉಪ್ಪು ಹರಡಿ, ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ 10 ನಿಮಿಷ ಕಾಯಿಸಿ. ಒಳಗೆ ಹಿಡಿಯುವ ತಟ್ಟೆಯನ್ನು ಇಟ್ಟು, ಸಣ್ಣ ಉರಿಯಲ್ಲಿ 40ರಿಂದ 45 ನಿಮಿಷ ಬೇಯಿಸಿ. ಕುಕ್ಕರ್ ಬಳಸುವುದಾದರೆ ಗ್ಯಾಸ್ಕೆಟ್ ಮತ್ತು ವಿಸಿಲ್ ಎರಡನ್ನೂ ತೆಗೆದಿಡುವುದು ಕಡ್ಡಾಯ.

ವೆನಿಲಾ ಎಸೆನ್ಸ್ ಬೇಕಾಗಿಲ್ಲ, ಏಲಕ್ಕಿಯ ಪರಿಮಳ ಸಾಕು. ಏಲಕ್ಕಿಯನ್ನು ಯುನಾನಿಯಲ್ಲಿ ಜಠರಕ್ಕೆ ಬಲ ನೀಡುವ ವಸ್ತುವೆಂದು ಪರಿಗಣಿಸುತ್ತೇವೆ.

ಒಂದು ತುಂಡಿನಲ್ಲಿ ಅಂದಾಜು 200 ಕ್ಯಾಲೊರಿ, 6 ಗ್ರಾಂ ಪ್ರೋಟೀನ್, 4 ಗ್ರಾಂ ನಾರು ಇರುತ್ತದೆ. ಶಾಲೆಗೆ ಹೋಗುವ ಮಗುವಿಗೆ ಒಂದು ತುಂಡು, ಒಂದು ಲೋಟ ಹಾಲು. ದೊಡ್ಡವರಿಗೆ ಒಂದೂವರೆಯಿಂದ ಎರಡು. ಬೀಟಾ ಗ್ಲುಕಾನ್ ಒಂದು ತುಂಡಿನಲ್ಲಿ ಸುಮಾರು ಮುಕ್ಕಾಲು ಗ್ರಾಂ ಮಾತ್ರ ಸಿಗುತ್ತದೆ. ಆದ್ದರಿಂದ ಇದನ್ನು ಕೊಲೆಸ್ಟರಾಲಿನ ಮದ್ದು ಎಂದುಕೊಳ್ಳಬೇಡಿ. ಇದು ಒಂದು ಒಳ್ಳೆಯ ತಿಂಡಿ, ಅಷ್ಟೇ.

ಶುಚಿತ್ವ

ಓಟ್ಸ್ ಪೊಟ್ಟಣ ಒಡೆದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ. ಮಳೆಗಾಲದಲ್ಲಿ ಬೇಗ ಹುಳ ಬೀಳುತ್ತದೆ. ಬೆಂದ ತುಂಡುಗಳಲ್ಲಿ ಹಣ್ಣಿನ ತೇವ ಇರುವುದರಿಂದ ಕರಾವಳಿಯ ಸೆಕೆಗೆ ಹೊರಗಿಟ್ಟರೆ ಮರುದಿನವೇ ಬೂಷ್ಟು ಹಿಡಿಯಬಹುದು. ಫ್ರಿಜ್‌ನಲ್ಲಿ ಮೂರು ದಿನ ಇಡಬಹುದು. ಬಿಸಿ ಇರುವಾಗ ಡಬ್ಬಿಯ ಮುಚ್ಚಳ ಹಾಕಬೇಡಿ. ಬೂಷ್ಟು ಕಂಡರೆ ಆ ಭಾಗ ಕೆರೆದು ತಿನ್ನದೆ ಪೂರ್ತಿ ಎಸೆಯಿರಿ.

ಯಾರು ಎಚ್ಚರ ವಹಿಸಬೇಕು?

ಮಧುಮೇಹಿಗಳು: ಖರ್ಜೂರ, ಬಾಳೆಹಣ್ಣಿನಲ್ಲಿ ನಾರು ಇದ್ದರೂ ಸಿಹಿ ಸಿಹಿಯೇ. ಖರ್ಜೂರವನ್ನು ಐದಕ್ಕೆ, ಬಾಳೆಹಣ್ಣನ್ನು ಒಂದಕ್ಕೆ ಇಳಿಸಿ, ಹಾಲು ಸ್ವಲ್ಪ ಹೆಚ್ಚಿಸಿ. ತಿಂಡಿಯ ಬದಲಿಗೆ ಒಂದು ತುಂಡು ತಿನ್ನಿ, ದೋಸೆ ತಿಂದ ಮೇಲೆ ಅಲ್ಲ. ಎರಡು ಗಂಟೆಯ ನಂತರ ರಕ್ತ ಪರೀಕ್ಷಿಸಿ ನಿಮ್ಮ ದೇಹಕ್ಕೆ ಒಗ್ಗುತ್ತದೆಯೇ ನೋಡಿ.

ರಕ್ತಹೀನತೆ ಇರುವವರು: ಇದರ ಜೊತೆಗೆ ಚಹಾ ಬೇಡ. ಚಹಾ ಮತ್ತು ಕೋಕೋ ಎರಡೂ ಆಹಾರದ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ. ಒಂದು ಪೇರಳೆ ಅಥವಾ ಕಿತ್ತಳೆ ತಿನ್ನಿ.

ಮೂತ್ರಪಿಂಡದ ಕಾಯಿಲೆ ಇರುವವರು: ಬಾಳೆ, ಖರ್ಜೂರ, ಕೋಕೋ ಮೂರರಲ್ಲೂ ಪೊಟ್ಯಾಶಿಯಂ ಇದೆ. ನಿಮ್ಮ ವೈದ್ಯರನ್ನು ಕೇಳದೆ ತಿನ್ನಬೇಡಿ.

ಪುಟ್ಟ ಮಕ್ಕಳು: ಐದು ವರ್ಷದೊಳಗಿನವರಿಗೆ ಬಾದಾಮಿ, ನೆಲಗಡಲೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಪುಡಿ ಮಾಡಿ ಹಾಕಿ. ಸಿಹಿಗೆಂದು ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು.

ಗೋಧಿಯ ಗ್ಲುಟೆನ್ ಆಗದವರು: ಸಾಮಾನ್ಯ ಓಟ್ಸ್‌ನಲ್ಲಿ ಗೋಧಿ ಬೆರೆತಿರುವ ಸಂಭವ ಹೆಚ್ಚು. ಗ್ಲುಟೆನ್ ಇಲ್ಲವೆಂದು ಬರೆದದ್ದನ್ನೇ ಕೊಳ್ಳಿ.

ಕೋಕೋದಲ್ಲಿ ಸ್ವಲ್ಪ ಕೆಫೀನ್ ಇರುವುದರಿಂದ ಮಕ್ಕಳಿಗೆ ಬೆಳಿಗ್ಗೆ ಮಾತ್ರ ಕೊಡಿ, ರಾತ್ರಿ ಬೇಡ.

ಮೊದಲಿಗೆ ಹೇಳಿದ ಹುಡುಗನಿಗೆ ಇದು ಮೊದಲ ವಾರ ಹಿಡಿಸಲಿಲ್ಲ. ಕಹಿ ಎಂದನಂತೆ. ತಾಯಿ ಕೋಕೋವನ್ನು ಎರಡು ಚಮಚಕ್ಕೆ ಇಳಿಸಿದರು. ಈಗ ಮದ್ರಸಕ್ಕೆ ಹೊರಡುವ ಮೊದಲು ಚಹಾದ ಬದಲು ಹಾಲು ಕುಡಿದು ಅರ್ಧ ತುಂಡು ತಿನ್ನುತ್ತಾನೆ, ಉಳಿದರ್ಧವನ್ನು ಬಸ್ಸಿನಲ್ಲಿ. ನೀರಿನ ಬಾಟಲಿ ಖಾಲಿಯಾಗಿ ಮನೆಗೆ ಬರುತ್ತದೆ. ಮಲಬದ್ಧತೆ ಹೋಗಿದೆ, ತಲೆನೋವು ಅಪರೂಪವಾಗಿದೆ. ಇದು ಓಟ್ಸ್‌ನ ಪವಾಡವಲ್ಲ. ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಆಹಾರ ಬಿತ್ತು, ನಾರು ಮತ್ತು ನೀರು ಸೇರಿತು.

ನಾನೂ ಈಗ ಚೀಟಿಯಲ್ಲಿ 'ಓಟ್ಸ್' ಎಂದಷ್ಟೇ ಬರೆಯುವುದಿಲ್ಲ. 'ಸಾದಾ ರೋಲ್ಡ್ ಓಟ್ಸ್, ಸಕ್ಕರೆ ಇಲ್ಲದ್ದು' ಎಂದು ಪೂರ್ತಿ ಬರೆಯುತ್ತೇನೆ. ಮುಂದಿನ ಸಲ ಅಂಗಡಿಗೆ ಹೋದಾಗ ನೀವೂ ಪೊಟ್ಟಣವನ್ನು ಒಮ್ಮೆ ತಿರುಗಿಸಿ ನೋಡಿ.